ಖುಷಿ ಯಾರದ್ರಿ ಅಕ್ಕಾರ?

೬ ಜುಲೈ ೧೯೫೩, ಸೋಮವಾರ. ರಬಕವಿ

ಇಂದಿನ ಟಪಾಲಿನಲ್ಲಿ ಬಿಜಾಪುರದ ಜಿಲ್ಲಾ ಸ್ಕೂಲ್ ಬೋರ್ಡಿನ ಕಟ್ಟು ಬಂತು. ಎರಡು ವರ್ಷದಿಂದ ಕೇಳುತ್ತಿರುವ ಹೊಸ ಕರಿಹಲಗೆಯ ಮಂಜೂರಿ ಇರಬೇಕೆಂದು ಆಸೆಯಿಂದ ಬಿಚ್ಚಿದರೆ ಹನ್ನೆರಡು ಛಾಪಿಸಿದ ಹಾಳೆ! ನಾಲ್ಕನೇ ಇಯತ್ತೆಯ ಪ್ರತಿ ಹುಡುಗಿಗೂ ಐದು ಪ್ರಶ್ನೆ ಕೇಳಿ ಉತ್ತರ ಬರೆಸಬೇಕಂತೆ. ಕೆಳಗೆ ಪಾಲಕರ ಸಹಿಯೋ ಹೆಬ್ಬೆಟ್ಟೋ ಹಾಕಿಸಬೇಕಂತೆ. ಎಷ್ಟು ಮಂದಿ ಸಂತೋಷದಿಂದ ಇದ್ದಾರೆ ಎಂದು ಎಣಿಸಿ ತಖ್ತೆ ಕಳಿಸಬೇಕಂತೆ.

ಪ್ರಶ್ನೆಗಳು ಇವು: ನೀನು ಶಾಲೆಗೆ ಸಂತೋಷದಿಂದ ಬರುತ್ತೀಯಾ? ಪಾಠದಲ್ಲಿ ನಿನ್ನ ಮನಸ್ಸು ನಿಲ್ಲುತ್ತದೆಯೇ? ಯಾವ ವಿಷಯ ಮೆಚ್ಚಿಗೆ? ಯಾವಾಗ ಬೇಸರವಾಗುತ್ತದೆ? ಶಿಕ್ಷಕಿಯ ಹೆದರಿಕೆ ಇದೆಯೇ?

ಹುಡುಗಿಯರು ಮೂವತ್ತೊಂದು, ಹಾಳೆ ಹನ್ನೆರಡು. ಉಳಿದ ಹತ್ತೊಂಬತ್ತು ಮಂದಿಗೆ ಸಂತೋಷದ ಅವಶ್ಯಕತೆ ಇಲ್ಲವೋ ಏನೋ. ನಾನು ಪಾಠ ಹೇಳಲು ಹಿಡಿದು ಹದಿನಾಲ್ಕು ವರ್ಷವಾಯಿತು. ಜಮಖಂಡಿ ಸಂಸ್ಥಾನವಿದ್ದಾಗ ಅಲ್ಲಿ, ಅದು ಮುಂಬಯಿ ಸರಕಾರಕ್ಕೆ ಸೇರಿದ ಮೇಲೆ ಇಲ್ಲಿ. ಕುಮುದಿನಿಬಾಯಿ, ನೀವು ಹೇಗಿದ್ದೀರಿ ಎಂದು ಒಬ್ಬ ಸಾಹೇಬನೂ ಹಾಳೆ ಕಳಿಸಿಲ್ಲ. ಈಗ ಈ ಕೂಸುಗಳನ್ನು ಕೇಳುತ್ತಾರಂತೆ. ಕೇಳಲಿ.

೮ ಜುಲೈ, ಬುಧವಾರ

ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದೆ. "ಸಂತೋಷ ಅಂದ್ರ ಏನು, ಯಾರು ಹೇಳ್ತೀರಿ?" ಎಂದು ಕೇಳಿದರೆ ಎಲ್ಲರ ಬಾಯಿಗೂ ಬೀಗ. ಕೊನೆಗೆ ಮುಂದಿನ ಸಾಲಿನವಳೊಬ್ಬಳು ಎದ್ದು, "ಅದು ಪತ್ರದಾಗ ಬರಿಯೂದ್ರಿ. ನಿಮ್ಮ ಪತ್ರ ಮುಟ್ಟಿ ಸಂತೋಷವಾಯಿತು ಅಂತ" ಎಂದಳು.

ಖರೆ, ಅವಳದೇನು ತಪ್ಪು? ಈ ಊರಲ್ಲಿ ಯಾರ ಬಾಯಲ್ಲೂ ಆ ಶಬ್ದ ಕೇಳಿಲ್ಲ. ಒರಸಿಹಾಕಿ 'ಖುಷಿ' ಎಂದು ಬರೆದೆ. ನೀನು ಶಾಲೆಗೆ ಖುಷಿಯಿಂದ ಬರುತ್ತೀಯಾ? ತಕ್ಷಣ ಎಲ್ಲರೂ ತಲೆಯಾಡಿಸಿದರು. ಬಿಜಾಪುರದ ಸಾಹೇಬರಿಗೆ ಹೊಳೆಯದ್ದು ನನಗೆ ಹೊಳೆಯಿತೆಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಛಾಪಿಸಿದ ಹಾಳೆಗಳನ್ನು ಬದಿಗಿಟ್ಟು, ಎಲ್ಲರಿಂದಲೂ ವಹಿಯ ಹಾಳೆಯ ಮೇಲೆ ಪ್ರಶ್ನೆಗಳನ್ನು ಬರೆಸಿಕೊಂಡೆ. ಮೊದಲನೆಯದರ ಮುಂದೆ 'ಖುಷಿ' ಎಂದು ಬರೆಯಿರಿ ಎಂದು ನಾನೇ ಹೇಳಿಬಿಟ್ಟೆ. ಇಲ್ಲದಿದ್ದರೆ ಸಂಜೆಯವರೆಗೂ ಪೆನ್ಸಿಲು ಕಚ್ಚುತ್ತ ಕೂರುತ್ತಾರೆ.

ಅನಸವ್ವ ಮಾತ್ರ ಕೈ ಎತ್ತಿದಳು. ನೇಕಾರ ಹೊಳೆಪ್ಪನ ಮಗಳು. ಲೆಕ್ಕದಲ್ಲಿ ಇಡೀ ಇಯತ್ತೆಗೆ ಮುಂದು, ಅಡ್ಡ ಪ್ರಶ್ನೆ ಕೇಳುವುದರಲ್ಲೂ ಮುಂದು.

"ಖುಷಿ ಯಾರದ್ರಿ ಅಕ್ಕಾರ? ನಂದೋ, ನಮ್ಮಪ್ಪಂದೋ?"

ಎಲ್ಲರೂ ಕಿಸಕ್ಕೆಂದರು. "ತಲಿಹರಟಿ ಸಾಕು, ಸುಮ್ಮನ ಬರಿ" ಎಂದು ಛಡಿಯಿಂದ ಅಂಗೈಗೆ ಒಂದು ಕೊಟ್ಟೆ. ಜೋರಾಗಿ ಅಲ್ಲ.

೧೦ ಜುಲೈ, ಶುಕ್ರವಾರ

ಮೂವತ್ತೊಂದು ಹಾಳೆಯೂ ಹೆಬ್ಬೆಟ್ಟು ಹೊತ್ತುಕೊಂಡು ವಾಪಸು ಬಂದವು. ಎಣಿಸಿ ದಾರ ಕಟ್ಟಿದೆ. ಓದುವುದೇನಿದೆ, ಬರೆಸಿದವಳು ನಾನೇ. ಮೂವತ್ತೊಂದಕ್ಕೆ ಮೂವತ್ತೊಂದೂ ಸಂತೋಷ ಎಂದು ತಖ್ತೆ ತುಂಬಿ, ಹಾಳೆಗಳ ಕಟ್ಟಿನ ಜೊತೆ ಟಪಾಲಿಗೆ ಹಾಕಿಸಿದೆ. ಒಂದು ಪೀಡೆ ಕಳೆಯಿತು.

ಜಮಖಂಡಿಯಿಂದ ತಮ್ಮ ಅನಂತನ ಪತ್ರ ಬಂದಿದೆ. ಅಲ್ಲಿಯ ಒಬ್ಬ ಶಿಕ್ಷಕಿಗೆ ರಬಕವಿಗೆ ಬರಬೇಕಾಗಿದೆಯಂತೆ, ಅವಳ ಅತ್ತೆಯ ಮನೆ ಇಲ್ಲಿ. ನಾವಿಬ್ಬರೂ ಅದಲುಬದಲು ಮಾಡಿಕೊಳ್ಳಬಹುದಂತೆ. ಕೋರ್ಟಿನ ಕೆಲಸದ ನಡುವೆಯೂ ಅರ್ಜಿ ತಾನೇ ಬರೆದು ಕಳಿಸಿದ್ದಾನೆ, ನಾನು ಸಹಿ ಮಾಡಿದರಾಯಿತು. "ತಿಂಗಳೊಪ್ಪತ್ತಿನಲ್ಲಿ ಕಳಿಸು, ಮುಂದೆ ನಿನ್ನ ಖುಷಿ" ಎಂದು ಬರೆದಿದ್ದಾನೆ. ಐದು ವರ್ಷದಿಂದ ಬೆಳಗಾದರೆ ಈ ಊರಿನ ಮಗ್ಗಗಳ ಖಟಖಟ ಕೇಳಿ ಕಿವಿ ತೂತಾಗಿದೆ. ನಾಳೆಯೇ ಸಹಿ ಮಾಡಿ ಕಳಿಸುತ್ತೇನೆ.

೧೫ ಜುಲೈ, ಬುಧವಾರ

ಸೋಮವಾರ ಒಂಬತ್ತು ಹುಡುಗಿಯರು ಬಂದಿರಲಿಲ್ಲ. ಜ್ವರದ ದಿನಗಳು ಎಂದುಕೊಂಡೆ. ಇಂದು ಹದಿನಾಲ್ಕು ಜನ ಇಲ್ಲ. ಸಾತವ್ವನನ್ನು ಕರೆದು ಕೇಳಿದೆ. ದಿನಾ ಬೆಳಿಗ್ಗೆ ಓಣಿ ಓಣಿ ತಿರುಗಿ ಹುಡುಗಿಯರನ್ನು ಕರೆತರುವ ಕೆಲಸ ಅವಳದು.

"ಸಾತವ್ವಾ, ಏನಾಗ್ಯದ ಈ ಊರಿಗೆ? ಎಲ್ಲಿ ಹೋದ್ವು ಎಲ್ಲಾ?"

"ನನ್ನ ಯಾಕ ಕೇಳ್ತೀರಿ ಅಕ್ಕಾರ, ನೀವ ಬರಿಸಿ ಕಳಿಸೀರಲ್ಲ. ಸಾಲಿ ಈಗ ಖುಷಿ ಆಗೈತಂತ. ಸಕ್ತಿ ತಗದಾರಂತ. ಬೇಕಾದ್ರ ಬರೂದು, ಬ್ಯಾಡಾದ್ರ ಬಿಡೂದು. ಮಂದಿ ಎಲ್ಲಾ ಹೆಬ್ಬಟ್ಟ ಒತ್ತಿ ಕೊಟ್ಟೇವಿ ಅಂತಾರ."

ಅಯ್ಯೋ ರಾಮಾ! ಹಿಗ್ಗು ಎಂಬ ಅರ್ಥದಲ್ಲಿ ನಾನು ಬರೆದ ಶಬ್ದ ಈ ಜನಕ್ಕೆ ಮರ್ಜಿ. ನಿನ್ನ ಖುಷಿ ಎಂದರೆ ನಿನಗೆ ಬಿಟ್ಟದ್ದು. ಏಳರಿಂದ ಹನ್ನೊಂದು ವರ್ಷದವರೆಗೆ ಮಕ್ಕಳನ್ನು ಕಳಿಸಲೇಬೇಕೆಂಬ ಕಾಯಿದೆ ಇದೆ, ಅದನ್ನೇ ಊರವರು ಸಕ್ತಿ ಎನ್ನುತ್ತಾರೆ. ಸಾಲಿಯಿಂದ ಬಂದ ಹಾಳೆ, ಅದರಲ್ಲಿ 'ಖುಷಿ', ಕೆಳಗೆ ಹೆಬ್ಬೆಟ್ಟು. ಸಕ್ತಿ ಮುಗಿಯಿತೆಂದು ಅವರು ತಿಳಿದುಕೊಂಡರೆ ಅವರನ್ನು ಹೇಗೆ ಬಯ್ಯಲಿ? ಅನಸವ್ವ ಅಂದೇ ಕೇಳಿದಳು, ಖುಷಿ ಯಾರದು ಎಂದು. ಉತ್ತರವಾಗಿ ಛಡಿ ಕೊಟ್ಟೆ.

ಆ ಶಬ್ದದ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ನಮ್ಮ ಯಜಮಾನರು ತೀರಿಕೊಂಡಾಗ ನನಗೆ ಹದಿನೇಳು. ಹದಿಮೂರು ದಿನ ಮುಗಿದ ಮರುದಿನ ಮಾವನವರು ಪಡಸಾಲೆಯಲ್ಲಿ ನಿಂತು, "ಇದ್ದರೆ ಇರು, ಹೋದರೆ ಹೋಗು, ತುಝೀ ಖುಷೀ" ಎಂದು ಮರಾಠಿಯಲ್ಲಿ ಹೇಳಿದರು. ಅಷ್ಟು ಹೊತ್ತಿಗೆ ನನ್ನ ಟ್ರಂಕು ಕಟ್ಟೆಯ ಮೇಲೆ ಬಂದು ಕೂತಿತ್ತು.

ಅದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ? ನಾಳೆ ಮನೆಮನೆ ತಿರುಗಬೇಕು.

೧೬ ಜುಲೈ, ಗುರುವಾರ

ಹದಿನಾಲ್ಕು ಮನೆ ತಿರುಗಿದೆ. ಕಾಲು ಬಾತಿವೆ. "ಸಕ್ತಿ ಹೋಗಿಲ್ಲ, ನಾ ತಪ್ಪಿ ಬರೆಸಿದೆ" ಎಂದು ಹದಿನಾಲ್ಕು ಕಟ್ಟೆಗಳ ಮೇಲೆ ಹೇಳಿ ಬಂದೆ. ಮೊದಲ ಮನೆಯಲ್ಲಿ ನಾಲಿಗೆ ಏಳಲಿಲ್ಲ, ಐದನೆಯ ಮನೆ ಮುಟ್ಟುವಷ್ಟರಲ್ಲಿ ರೂಢಿಯಾಯಿತು. ಹದಿಮೂರು ಮನೆಯವರು ಒಪ್ಪಿದರು.

ಒಪ್ಪದಿದ್ದವನು ಹೊಳೆಪ್ಪ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಲಾಳಿ ನಿಲ್ಲಿಸಲಿಲ್ಲ, ನಾನು ಅರಚಿಯೇ ಮಾತಾಡಬೇಕಾಯಿತು. ಮೂಲೆಯಲ್ಲಿ ಅನಸವ್ವ ರಾಟಿ ತಿರುವುತ್ತ ಕಂಡಿಕಿ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ನೂಲಿನ ಸುರುಳಿಗೆ ಇವರು ಕಂಡಿಕಿ ಎನ್ನುತ್ತಾರೆ. ಮೊದಲು ಅದನ್ನು ಸುತ್ತುತ್ತಿದ್ದವಳು ಅವಳ ತಾಯಿ ತಾರವ್ವ. ಅವಳೀಗ ಹಸಿ ಬಾಣಂತಿ. ಒಳಗೆ ಕೂಸು ಅಳುತ್ತಿತ್ತು.

"ಹೊಳೆಪ್ಪಾ, ನಾಳಿಂದ ಮಗಳನ್ನ ಕಳಿಸು. ಸಾಲಿ ನಿನ್ನ ಖುಷಿ ಅಲ್ಲ."

"ನೀವ ಖುಷಿ ಅಂತ ಬರಿಸೀರಿ, ನಾ ಹೆಬ್ಬಟ್ಟ ಒತ್ತೀನಿ. ಈಗ ಅಲ್ಲ ಅಂತೀರಿ. ಒಂದ ವಾರದಾಗ ಸರಕಾರದ ಮಾತ ಹಿಂಗ ಹೊಳ್ಳತೈತೇನ್ರಿ ಅಕ್ಕಾರ?"

"ಅದು ಸರಕಾರದ್ದಲ್ಲ, ನನ್ನ ತಪ್ಪು."

"ತಪ್ಪ ನಿಮ್ಮದಾದ್ರ ಅದರ ಪಾಡ ನಮಗ್ಯಾಕ್ರಿ? ಇಕಿ ಕಂಡಿಕಿ ಸುತ್ತಲಿಲ್ಲಂದ್ರ ನನ್ನ ಲಾಳಿ ನಿಂತ ಹೋಗತೈತಿ. ಲಾಳಿ ನಿಂತ್ರ ಒಲಿ ಹತ್ತೂದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಹಾಜರಿ ಅಧಿಕಾರಿಯನ್ನು ಕರೆಸುತ್ತೇನೆ, ದಂಡ ಹಾಕಿಸುತ್ತೇನೆ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಆಗ ಲಾಳಿಯನ್ನು ಕೈಯಲ್ಲಿ ಹಿಡಿದು ನನ್ನತ್ತ ನೋಡಿದ.

"ಆತ್ರಿ. ಕಳಸ್ತೀನಿ. ನಿಮ್ಮ ಖುಷಿ."

೨೦ ಜುಲೈ, ಸೋಮವಾರ

ಅನಸವ್ವ ಬಂದಳು. ಹಾಜರಿ ಪುಸ್ತಕದಲ್ಲಿ ಮೂವತ್ತೊಂದಕ್ಕೆ ಮೂವತ್ತೊಂದು. ಗೆದ್ದೆ ಎನ್ನಬೇಕು.

ಅವಳು ಇಡೀ ದಿನ ಕೈ ಎತ್ತಲಿಲ್ಲ. ಹಲಗೆಯ ಮೇಲೆ ಅವಳಿಗೆಂದೇ ಒಂದು ತೊಡಕಿನ ಲೆಕ್ಕ ಹಾಕಿದೆ, ಕಣ್ಣೆತ್ತಿ ನೋಡಲಿಲ್ಲ. ತೋರುಬೆರಳಿಗೆ ಅರಿವೆಯ ಚಿಂದಿ ಸುತ್ತಿದ್ದಳು, ನೂಲು ಕೊಯ್ದಿರಬೇಕು. ಬೆಳಗಿನ ಜಾವ ಎದ್ದು ಎಷ್ಟು ಕಂಡಿಕಿ ಸುತ್ತಿ ಬಂದಿದ್ದಳೋ, ಎರಡನೆಯ ತಾಸಿಗೆ ತೂಕಡಿಸಿದಳು. ನಾನು ಛಡಿ ಹಿಡಿದು ಹತ್ತಿರ ಹೋದೆ. ಹೇಳುವ ಮೊದಲೇ ಕೈ ಮುಂದೆ ಚಾಚಿದಳು, ಚಿಂದಿ ಸುತ್ತಿದ ಕೈಯನ್ನೇ. ಮುಖದಲ್ಲಿ ಏನೂ ಇರಲಿಲ್ಲ. ಹೊಡೆಯುವುದಿದ್ದರೆ ಹೊಡೆದು ಮುಗಿಸಿರಿ ಎನ್ನುವ ಹಾಗೆ.

ಛಡಿಯನ್ನು ಕಪಾಟಿನ ಮೇಲಿಟ್ಟೆ. ನನಗೂ ಇವತ್ತು ಯಾಕೋ ಆಯಾಸ.

೨೪ ಜುಲೈ, ಶುಕ್ರವಾರ

ಇಂದು ಹೊಳೆಪ್ಪ ಸಾಲಿಯ ಬಾಗಿಲಿಗೆ ಬಂದಿದ್ದ. ಒಳಗೆ ಬಾ ಎಂದರೂ ಬರಲಿಲ್ಲ, ಚಪ್ಪಲಿ ಕಳಚಿ ಹೊರಗೇ ನಿಂತ.

"ಅಕ್ಕಾರ, ಅನಸಿಗೆ ಹನ್ನೊಂದ ಎಂದ ತುಂಬತಾವು, ನಿಮ್ಮ ಪುಸ್ತಕದಾಗ ನೋಡ್ರಿ. ಹನ್ನೊಂದಾದ ಮ್ಯಾಗ ಸಕ್ತಿ ಇಲ್ಲಂತಲ್ರಿ."

ದಾಖಲೆ ಪುಸ್ತಕ ತೆಗೆದು ನೋಡಿದೆ. ೧ ಆಗಸ್ಟ್ ೧೯೪೨. ಅಂದರೆ ಇನ್ನು ಎಂಟು ದಿನ.

"ಅಲ್ಲೀತನಕ ಕಳಸ್ತೀನ್ರಿ. ಮಾತ ತಪ್ಪಂಗಿಲ್ಲ" ಎಂದು ಕೈ ಮುಗಿದು ಹೋದ. ಜಗಳಾಡಿದ್ದರೆ ನನಗೆ ಹಗುರವಾಗುತ್ತಿತ್ತು. ನಾಲ್ಕನೇ ಇಯತ್ತೆಯ ಪರೀಕ್ಷೆಗೆ ಇನ್ನೂ ಎಂಟು ತಿಂಗಳಿದೆ. ನಡುವೆ ಬಿಟ್ಟ ಹುಡುಗಿ ಮರಳಿ ಬಂದದ್ದನ್ನು ಈ ಊರಲ್ಲಿ ನಾನು ಐದು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ. ಹಾಗೆ ಬಿಟ್ಟವರನ್ನು ನೀರಿನ ಕೊಡ ಹೊತ್ತುಕೊಂಡು ಬರುವಾಗ ದಾರಿಯಲ್ಲಿ ನೋಡುತ್ತೇನೆ. ಅವರು ಮುಖ ತಿರುವುತ್ತಾರೆ.

೨೮ ಜುಲೈ, ಮಂಗಳವಾರ

ಎಲ್ಲರೂ ಹೋದ ಮೇಲೆ ದಾಖಲೆ ಪುಸ್ತಕ ಮತ್ತೆ ತೆರೆದೆ. ೧೯೪೨ರ ಕೊನೆಯ ಎರಡನ್ನು ಮೂರು ಮಾಡಲು ಒಂದು ಗೀಟು ಸಾಕು. ಇನ್ನೊಂದು ವರ್ಷ ಸಕ್ತಿ ಉಳಿಯುತ್ತದೆ. ಹೇಗೂ ಅಜ್ಜಿ ಹೇಳಿದ ಅಂದಾಜಿನ ತಾರೀಖು ಅದು. ಟಾಕನ್ನು ಮಸಿಯ ದೌತಿಯಲ್ಲಿ ಅದ್ದಿಯೂ ಆಗಿತ್ತು.

ಗೀಟೆಳೆದು ಏನು ಮಾಡಲಿ? ಇನ್ನೊಂದು ವರ್ಷ ಅವಳು ಈ ವಾರ ಕೂತ ಹಾಗೆ ಕೂರುತ್ತಾಳೆ. ಟಾಕು ಒರಸಿ ಇಟ್ಟೆ.

ಅನಂತನ ಅರ್ಜಿಗೆ ಸಹಿ ಮಾಡುವುದು ಉಳಿದುಹೋಗಿದೆ. ನಾಳೆ ನೋಡಬೇಕು.

೧ ಆಗಸ್ಟ್, ಶನಿವಾರ

ಇಂದಿಗೆ ಹನ್ನೊಂದು. ಬರಲಿಲ್ಲ. ಅವಳು ಬರೆಯುವ ಪಾಟಿ ಇಲ್ಲೇ ಉಳಿದಿದೆ.

೩ ಆಗಸ್ಟ್, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಪಾಟಿ ಕೊಟ್ಟು ಬರೋಣವೆಂದು ಹೋದೆ. ಅದಕ್ಕೆ ನಾನೇ ಯಾಕೆ ಹೋಗಬೇಕಿತ್ತು, ಸಾತವ್ವನ ಕೈಯಲ್ಲಿ ಕಳಿಸಬಹುದಿತ್ತು. ಇರಲಿ. ಕಟ್ಟೆಯ ಮೇಲೆ ಅನಸವ್ವನ ಅಜ್ಜಿ ಶಂಕ್ರೆವ್ವ ಕೂತಿದ್ದಳು.

"ಬರ್ರಿ ಅಕ್ಕಾರ. ಇವತ್ತ ಯಾವ ಕಾಯ್ದೆ ತಂದೀರಿ?"

"ಕಾಯ್ದೆ ಮುಗೀತು ಶಂಕ್ರೆವ್ವಾ. ಪಾಟಿ ತಂದೇನಿ."

ಮುದುಕಿ ನಕ್ಕು ಒಳಗೆ ಬಿಟ್ಟಳು. ಅನಸವ್ವ ರಾಟಿಯ ಮುಂದೆ. ಪಾಟಿ ಕೊಟ್ಟು ಬಂದುಬಿಡಬೇಕೆಂದಿದ್ದೆ. ಆದರೆ ಬಾಯಿ ಸುಮ್ಮನಿರಬೇಕಲ್ಲ, "ಹದಿಮೂರರ ಮಗ್ಗಿ ಮರತೀಯೋ, ನೆನಪದನೋ?" ಎಂದೆ. ಅವಳು ರಾಟಿ ನಿಲ್ಲಿಸದೆ ಹೇಳತೊಡಗಿದಳು. ಲಾಳಿಯ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ. ಹದಿಮೂರೆಂಟಲೆ ನೂರಾನಾಲ್ಕು ಎನ್ನುವವರೆಗೆ ಅವಳ ಪಕ್ಕದಲ್ಲಿ ನೆಲಕ್ಕೆ ಕೂತಿದ್ದೆ. ಸೀರೆಗೆಲ್ಲ ನೂಲಿನ ದೂಳು.

"ನಿಮ್ಮದು ಮಗ್ಗಿ, ನಮ್ಮದು ಮಗ್ಗ. ಎರಡೂ ಒಂದ ಮನ್ಯಾಗ ಕೂಡಿ ನಡೀತಾವೇನ ಅಕ್ಕಾರ?" ಎಂದಳು ಶಂಕ್ರೆವ್ವ. ಹೊಳೆಪ್ಪ ನಾನು ಅಲ್ಲಿ ಇಲ್ಲವೇನೋ ಎಂಬಂತೆ ನೇಯುತ್ತಲೇ ಇದ್ದ.

೬ ಆಗಸ್ಟ್, ಗುರುವಾರ

ಈ ವಾರ ದಿನಾ ಹೋದೆ. ಒಂಬತ್ತೂವರೆಗೆ ಎದ್ದು ಸಾಲಿಗೆ ಬರುತ್ತೇನೆ. ಬಾಕಿ ಹುಡುಗಿಯರು ನನ್ನ ಸೆರಗಿನ ಎಳೆಗಳನ್ನು ತೋರಿಸಿ ಪಿಸುಗುಡುತ್ತಾರೆ. ಪಿಸುಗುಡಲಿ.

ಇಂದು ಮಗ್ಗಿ ಬರೆದುಕೊಡಲು ಚೀಲದಲ್ಲಿ ಬೇರೆ ಕಾಗದ ಇರಲಿಲ್ಲ. ಕೈಗೆ ಸಿಕ್ಕ ಹಾಳೆಯ ಹಿಂಬದಿಗೆ ಹದಿಮೂರರಿಂದ ಹತ್ತೊಂಬತ್ತರವರೆಗೆ ಬರೆದುಕೊಟ್ಟೆ.

ಬರೆಯುತ್ತಿದ್ದಾಗ ಅವಳು ನನ್ನನ್ನೇ ನೋಡುತ್ತಿದ್ದಳು. "ಅಕ್ಕಾರ, ನೀವು ಸಾಲಿಗೆ ಖುಷೀಲೆ ಬರ್ತೀರೇನ್ರಿ?"

"ಸುಮ್ಮನ ಮಗ್ಗಿ ಓದು" ಎಂದೆ. ಛಡಿ ಕೈಯಲ್ಲಿರಲಿಲ್ಲ. ಅದು ಎಲ್ಲಿದೆಯೆಂದು ನೆನಪಾಗಲು ಸಾಲಿಗೆ ಬಂದ ಮೇಲೂ ಸ್ವಲ್ಪ ಹೊತ್ತು ಹಿಡಿಯಿತು.

೮ ಆಗಸ್ಟ್, ಶನಿವಾರ

ನಾನು ಹೋಗಿ ಕೂತ ಸ್ವಲ್ಪ ಹೊತ್ತಿಗೆ ಲಾಳಿಯ ಸದ್ದು ನಿಂತಿತು. ತಿರುಗಿ ನೋಡಿದರೆ ಹೊಳೆಪ್ಪನವರು ತಂಬಾಕು ತಿಕ್ಕುತ್ತ ಕೂತಿದ್ದರು, ನಮ್ಮತ್ತ ನೋಡಲಿಲ್ಲ. ಅವಳು ಭಾಗಾಕಾರ ಮುಗಿಸುವವರೆಗೂ ತಿಕ್ಕುತ್ತಲೇ ಇದ್ದರು. ಅಷ್ಟು ಹೊತ್ತು ತಿಕ್ಕಿದರೆ ತಂಬಾಕಿನಲ್ಲಿ ಏನು ಉಳಿದೀತು?

೧೧ ಆಗಸ್ಟ್, ಮಂಗಳವಾರ

ಬೋರ್ಡಿನ ಸಾಹೇಬರಿಂದ ಕಟ್ಟು ವಾಪಸು ಬಂತು. ಮೇಲೆ ಕೆಂಪು ಶಾಯಿಯಲ್ಲಿ ಷರಾ: "ಮೂವತ್ತೊಂದು ವಿದ್ಯಾರ್ಥಿನಿಯರೂ ಸಂತೋಷವಾಗಿದ್ದಾರೆಂದು ತಿಳಿಸಿದ ಮರುವಾರದಲ್ಲಿಯೇ ಹದಿನಾಲ್ವರು ಗೈರುಹಾಜರಾದುದು ಹೇಗೆ? ಖುಲಾಸೆ ಕೊಡಿರಿ."

ಖುಲಾಸೆ ಬರೆಯಬೇಕಲ್ಲ ಎಂದು ಹಾಳೆಗಳ ದಾರ ಬಿಚ್ಚಿದೆ. ಮೊದಲ ಸಲ ಓದಿದ್ದು ಇವತ್ತು. ಖುಷಿ, ಖುಷಿ, ಖುಷಿ. ನಾನು ಹೇಳಿದಂತೆಯೇ. ಇಪ್ಪತ್ತಮೂರನೆಯ ಹಾಳೆ ಅನಸವ್ವನದು.

ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಒಂದು ತಿಂಗಳು ಈ ಹಾಳೆ ಬಿಜಾಪುರದವರೆಗೆ ಹೋಗಿ ಬಂತು. ಹೋಗುವ ಮೊದಲು ನನ್ನ ಮೇಜಿನ ಮೇಲೆಯೇ ಇತ್ತು.

ಖುಲಾಸೆ ಬರೆದೆ: "ಸಂತೋಷ ಎಂಬ ಶಬ್ದವನ್ನು ನಾನು ಖುಷಿ ಎಂದು ಬದಲಿಸಿದೆ. ಉತ್ತರವನ್ನೂ ನಾನೇ ಹೇಳಿಕೊಟ್ಟೆ. ಉತ್ತರಗಳನ್ನು ಓದದೆ ತಖ್ತೆ ತುಂಬಿದೆ. ತಖ್ತೆ ಸುಳ್ಳು." ಕೆಳಗೆ ಸಹಿ ಮಾಡಿದೆ. ಅನಸವ್ವನ ಹಾಳೆಯನ್ನು ಮಾತ್ರ ಕಟ್ಟಿಗೆ ಸೇರಿಸಲಿಲ್ಲ.

೧೨ ಆಗಸ್ಟ್, ಬುಧವಾರ

ಬೆಳಿಗ್ಗೆ ಹಾಳೆ ಹಿಡಿದುಕೊಂಡು ಹೋದೆ. ಶಂಕ್ರೆವ್ವ ಪಂಚಮಿಯ ಉಂಡಿಗೆ ಎಳ್ಳು ಹುರಿಯುತ್ತಿದ್ದಳು. ಈ ಸಲ ನಾನು ರಾಟಿಯ ಹತ್ತಿರ ಕೂರದೆ ಮಗ್ಗದ ಎದುರಿಗೆ ನಿಂತೆ.

"ಹೊಳೆಪ್ಪನವರ, ಸ್ವಲ್ಪ ಲಾಳಿ ನಿಲ್ಲಸ್ರಿ. ನೀವು ಹೆಬ್ಬಟ್ಟು ಒತ್ತಿದ ಹಾಳಿ ಹೊಳ್ಳಿ ಬಂದದ. ಏನಂತ ಬರದದ ಅಂತ ಓದಿ ಹೇಳ್ತೀನಿ."

ಅವರು ನಿಲ್ಲಿಸಿದರು. ಅನಸವ್ವ ರಾಟಿ ಬಿಟ್ಟು ಎದ್ದು ನಿಂತಳು. ಓದಿದೆ.

"ನೀನು ಶಾಲೆಗೆ ಖುಷಿಯಿಂದ ಬರುತ್ತೀಯಾ? ನನ್ನ ಖುಷಿ ಯಾರೂ ಕೇಳಿಲ್ಲ. ಕೇಳಿದರ ಬರತೀನಿ.

"ಪಾಠದಲ್ಲಿ ನಿನ್ನ ಮನಸ್ಸು ನಿಲ್ಲುತ್ತದೆಯೇ? ನಿಲ್ಲತೈತಿ. ಲೆಕ್ಕ ಮಾಡುವಾಗ ಮಗ್ಗದ ಸಪ್ಪಳ ಕೇಳೂದಿಲ್ಲ.

"ಯಾವ ವಿಷಯ ಮೆಚ್ಚಿಗೆ? ಲೆಕ್ಕ.

"ಯಾವಾಗ ಬೇಸರವಾಗುತ್ತದೆ? ರವಿವಾರ.

"ಶಿಕ್ಷಕಿಯ ಹೆದರಿಕೆ ಇದೆಯೇ? ಛಡಿದು ಹೆದರಿಕಿ ಐತಿ. ಅಕ್ಕಾರದು ಇಲ್ಲ."

ಹೊಳೆಪ್ಪನವರು ಕುಣಿಯಿಂದ ಕಾಲು ಮೇಲೆ ತೆಗೆದು ಹತ್ತಿರ ಬಂದು, ಹಾಳೆಯ ಕೆಳಗಿನ ನೀಲಿ ಗುರುತನ್ನು ನೋಡಿದರು.

"ಇದಕ್ಕ ನಾ ಹೆಬ್ಬಟ್ಟ ಒತ್ತೀನೇನ್ರಿ?"

"ಹೌದ್ರಿ."

"ನನಗ ಓದಾಕ ಬರೂದಿಲ್ಲಲ್ರಿ ಅಕ್ಕಾರ."

"ನನಗ ಬರ್ತಿತ್ತು ಹೊಳೆಪ್ಪನವರ. ನಾನೂ ಓದಲಿಲ್ಲ."

ಎಳ್ಳು ಸೀದ ವಾಸನೆ ಬಂದು ಶಂಕ್ರೆವ್ವ ಒಲೆಯತ್ತ ತಿರುಗಿದಳು. ಹೊಳೆಪ್ಪನವರು ಮಗಳ ಕಡೆ ನೋಡಿ, ಅವಳನ್ನು ಮೊದಲ ಸಲ ನೋಡುತ್ತಿರುವವರ ಹಾಗೆ ಕೇಳಿದರು. "ಅನಸಿ, ನಿನ್ನ ಖುಷಿ ಏನವಾ?"

ದಿನಪೂರ್ತಿ ಸಾಲಿಗೆ ಬರುತ್ತೇನೆ ಎನ್ನುತ್ತಾಳೆಂದು ನಾನು ಕಾದೆ. ಅವಳು ರಾಟಿ ನೋಡಿದಳು. ಒಳಗೆ ಕೂಸಿಗೆ ಹಾಲು ಕುಡಿಸುತ್ತಿದ್ದ ತಾರವ್ವನನ್ನು ನೋಡಿದಳು. ನನ್ನನ್ನು ನೋಡಲೇ ಇಲ್ಲ.

"ಮುಂಜಾನಿ ಕಂಡಿಕಿ ಸುತ್ತತೀನಿ ಅಪ್ಪಾ. ಮಧ್ಯಾಹ್ನ ಸಾಲಿಗೆ ಹೋಗತೀನಿ."

ಅರ್ಧ ದಿನ! ಬಾಯಿ ತೆರೆದವಳು ಮುಚ್ಚಿಕೊಂಡೆ. ಕೇಳಿದ್ದು ಅವಳ ಖುಷಿಯನ್ನು, ನನ್ನದನ್ನಲ್ಲ.

"ಪಂಚಮಿ ಆಗಲಿ, ನೋಡೂಣು" ಎಂದರು ಹೊಳೆಪ್ಪನವರು. ಹೌದೆಂದೂ ಅಲ್ಲ, ಅಲ್ಲವೆಂದೂ ಅಲ್ಲ. ಮತ್ತೆ ಕುಣಿಗೆ ಇಳಿದರು.

ಹೊರಡುವಾಗ ನೋಡಿದೆ, ಮಗ್ಗಿಯ ಹಾಳೆಯನ್ನು ಗಂಜಿ ಹಚ್ಚಿ ರಾಟಿಯ ಎದುರಿನ ಗೋಡೆಗೆ ಮೆತ್ತಿದ್ದಾಳೆ. ಅನಂತ ಕಳಿಸಿದ ಅರ್ಜಿಯ ಹಿಂಬದಿ ಅದು. ಕಿತ್ತರೆ ಹರಿಯುತ್ತದೆ. ಅನಂತನಿಗೆ ಇನ್ನೊಂದು ಬರೆದು ಕಳಿಸು ಎನ್ನಬೇಕು, ಪಂಚಮಿಯಾದ ಮೇಲೆ ತಿಳಿಸಿದರಾಯಿತು.

೧೭ ಆಗಸ್ಟ್, ಸೋಮವಾರ

ಹಬ್ಬದ ಸೂಟಿ ಮುಗಿಯಿತು. ಜಮಖಂಡಿಗೆ ಹೋಗಲಿಲ್ಲ, ಬಸ್ಸಿನಲ್ಲಿ ಗದ್ದಲ. ಇಂದು ಮಧ್ಯಾಹ್ನಕ್ಕೆ ಕಾಯುತ್ತ ಕೂತವಳಿಗೆ ಸಾತವ್ವ ಗಂಟೆ ಬಾರಿಸಿದಾಗಲೇ ನೆನಪಾಯಿತು, ಶ್ರಾವಣ ಸೋಮವಾರ ಮಧ್ಯಾಹ್ನದ ಸಾಲಿ ಇಲ್ಲ. ಎಂಥ ಮರೆವು! ನಾಳೆಯವರೆಗೆ ಹೇಗೆ ಕಾಯಲಿ?

೧೮ ಆಗಸ್ಟ್, ಮಂಗಳವಾರ

ಬೆಳಿಗ್ಗೆ ಅವರ ಮನೆಗೆ ಹೋಗಲಿಲ್ಲ. ಹೋದರೆ ನಾನು ಕರೆದ ಹಾಗಾಗುತ್ತದೆ. ಸಾತವ್ವನಿಗೂ ಆ ಓಣಿಗೆ ಹೋಗಬೇಡ ಎಂದೆ.

ಮಧ್ಯಾಹ್ನದ ಹಾಜರಿ ಕರೆಯಲು ಕೂತೆ. "ಅನಸವ್ವ ಹೊಳೆಪ್ಪ" ಎಂದೆ. ಸದ್ದಿಲ್ಲ. ಸ್ವಲ್ಪ ತಡೆದು ಇನ್ನೊಮ್ಮೆ ಕರೆದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಮುಂದಿನ ಹೆಸರಿಗೆ ಹೋದೆ, ಅದರ ಮುಂದಿನದಕ್ಕೂ.

ಕೊನೆಯ ಹೆಸರು ಮುಗಿದು ಪುಸ್ತಕ ಮುಚ್ಚುವಾಗ ಬಾಗಿಲಲ್ಲಿ ನೆರಳು ಬಿತ್ತು. ಕಂಕುಳಲ್ಲಿ ಪಾಟಿ, ತಲೆಯ ತುಂಬ ನೂಲಿನ ದೂಳು, ಓಡಿ ಬಂದು ಏದುಸಿರು.

"ಬರ್ಲೇನ್ರಿ ಅಕ್ಕಾರ?"

"ಬಾ" ಎಂದೆ. ಪುಸ್ತಕ ಮತ್ತೆ ತೆರೆದು, ಅವಳ ಹೆಸರಿನ ಮುಂದೆ ಬೆಳಗಿನ ಮನೆ ಖಾಲಿ ಬಿಟ್ಟು, ಮಧ್ಯಾಹ್ನದ ಮನೆಯಲ್ಲಿ ಹಾಜರಿ ಹಾಕಿದೆ. ಅವಳು ತನ್ನ ಜಾಗದಲ್ಲಿ ಕೂತಳು. ಹಲಗೆಯ ಮೇಲಿದ್ದ ಲೆಕ್ಕವನ್ನು ಓದಿ, ಉಸಿರು ಇನ್ನೂ ಹದಕ್ಕೆ ಬರುವ ಮೊದಲೇ ಕೈ ಎತ್ತಿದಳು.

ಸಾಲಿ ಬಿಟ್ಟ ಮೇಲೆ ಬಾಗಿಲಲ್ಲಿ ಕೂತಿದ್ದ ಸಾತವ್ವನನ್ನು ಕೇಳಿದೆ. "ಖರೆ ಹೇಳು, ನೀ ಹೋಗಿ ಕರಕೊಂಡು ಬಂದಿಯಲ್ಲ?"

"ನಾ ಎಲ್ಲಿ ಹೋಗೀನ್ರಿ ಅಕ್ಕಾರ? ನಿಮ್ಮ ಕಣ್ಣ ಮುಂದ ಇಲ್ಲೇ ಕುಂತೇನಲ್ರಿ."

ಹೌದು, ಇಲ್ಲೇ ಕೂತಿದ್ದಳು. ಯಾರೂ ಕರೆಯಲು ಹೋಗಿರಲಿಲ್ಲ.